ನೀರಿಗೂ ಹೆಪ್ಪು ಬೇಕು: ಆಮೆಮರಿ ಪ್ರಯೋಗ, ನಾಲ್ಕನೇ ವಾರ

ಕೊನೆಗೂ ಗೆದ್ದೆ. ಶನಿವಾರ ರಾತ್ರಿ ನಮ್ಮ ಫ್ರೀಜರ್‌ನಲ್ಲಿ ಮೈನಸ್ 6.5 ಡಿಗ್ರಿಗೂ ನೀರು ನೀರಾಗಿಯೇ ಇತ್ತು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಉತ್ತರ ಅಮೆರಿಕದ ಪೇಂಟೆಡ್ ಟರ್ಟಲ್ ಅನ್ನೋ ಆಮೆಯ ಮರಿಗಳು ಬೇಸಿಗೆಯ ಕೊನೆಗೆ ಮೊಟ್ಟೆ ಒಡೆದರೂ ಹೊರಗೆ ಬರುವುದಿಲ್ಲ. ಗೇಣಿಗಿಂತ ಕಡಿಮೆ ಆಳದ ಗೂಡಿನಲ್ಲೇ ಚಳಿಗಾಲ ಕಳೆಯುತ್ತವೆ. ದೊಡ್ಡ ಆಮೆಗಳೋ, ಕೆರೆಯ ತಳದಲ್ಲಿ ಆರಾಮಾಗಿರುತ್ತವೆ! 1988ರಲ್ಲಿ ಕೆನಡಾದ ವಿಜ್ಞಾನಿಗಳಾದ ಸ್ಟೋರಿ ದಂಪತಿ ಮತ್ತು ಜೊತೆಗಾರರು, ಮೈಯ ಅರ್ಧ ನೀರು ಮಂಜುಗಡ್ಡೆಯಾದರೂ ಈ ಮರಿಗಳು ಬದುಕುತ್ತವೆ ಎಂದು ತೋರಿಸಿದರು. ಆದರೆ ಅದು ಸುಮಾರು ಮೈನಸ್ 4ರ ತನಕ. ಅದಕ್ಕೂ ಜಾಸ್ತಿ ಚಳಿಗೆ ಬೇರೆ ದಾರಿ: ಗಟ್ಟಿಯಾಗದೆ ಸುಮ್ನೆ ತಣ್ಣಗಾಗುತ್ತಾ ಹೋಗುವುದು. ಅದೇ ಸೂಪರ್‌ಕೂಲಿಂಗ್. ಮರಿಯ ಬದಲು ಬಾಟಲಿ ನೀರಿನಲ್ಲಿ ಅದನ್ನು ನೋಡೋದೇ ನನ್ನ ಪ್ರಯೋಗ.

ಹಾಲು ಮೊಸರಾಗಲು ಹೆಪ್ಪು ಹಾಕ್ತೀವಲ್ಲ, ನೀರು ಗಡ್ಡೆಯಾಗಲೂ ಹಾಗೇ ಏನಾದರೂ ಬೇಕು. ಒಂದು ಧೂಳಿನ ಕಣ ಸಾಕು. ಮೊದಲ ಎರಡು ವಾರ ನಾನು ನಲ್ಲಿ ನೀರು ಇಟ್ಟು ಸೋತಿದ್ದು ಅದಕ್ಕೇ. ಈ ಸಲ ಖಡೇಬಜಾರ್ ಕಡೆಯಿಂದ ಬ್ಯಾಟರಿ ನೀರು (ಭಟ್ಟಿ ಇಳಿಸಿದ ಶುದ್ಧ ನೀರು) ತಂದೆ. ಇಂಜೆಕ್ಷನ್ ಬಾಟಲಿಗಳನ್ನು ಕುದಿಸಿ ತೊಳೆದೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ನೀರಿನ ಜೊತೆ ಹೊಲದ ಎರೆಮಣ್ಣು ಒಂದು ಚಿಟಿಕೆ.

ಮಣ್ಣಿನ ಬಾಟಲಿ ಮೈನಸ್ 3ಕ್ಕೇ ಗಟ್ಟಿಯಾಯ್ತು. ಬರೀ ನೀರಿನದನ್ನು ಹೊರಗೆ ತೆಗೆದು ಉಗುರಿನಿಂದ ಟಕ್ ಅಂತ ತಟ್ಟಿದೆ. ಮೇಲಿಂದ ಬಿಳಿ ಎಳೆಗಳು ಸರ್‌ ಅಂತ ಇಳಿದವು, ಕ್ಷಣದಲ್ಲಿ ಇಡೀ ಬಾಟಲಿ ಮಸುಕು. ಥರ್ಮಾಮೀಟರ್ ಮೈನಸ್ 6.5ರಿಂದ ಸೊನ್ನೆಯ ಹತ್ತಿರಕ್ಕೆ ಜಿಗಿಯಿತು. ಗಟ್ಟಿಯಾಗುವಾಗ ನೀರು ಶಾಖ ಬಿಡುತ್ತೆ, ಅಲ್ವಾ?

ಮರಿಗಳ ಹೊಟ್ಟೆಗೂ ಇದೇ ಲೆಕ್ಕ. ಮಣ್ಣು ತಿಂದ ಮರಿ ಬೇಗ ಹೆಪ್ಪುಗಟ್ಟುತ್ತೆ. ಚಳಿಗೆ ಮುಂಚೆ ಕರುಳು ಖಾಲಿಯಾದರೇ ಬಚಾವ್.

ಅವ್ವ ಮಾತ್ರ ಸಿಟ್ಟಾಗಿದ್ದಾಳೆ. "ಬಟಾಣಿ ಇಡೂ ಜಾಗಾದಾಗ ಮಣ್ಣ ಇಟ್ಟೀಯಲ್ಲೋ!" ನಿಜವಾದ ಆಮೆ ತರಲಿಲ್ಲ ಅನ್ನೋದೇ ಅವಳಿಗೆ ಸಮಾಧಾನ. ನಮ್ಮ ಊರಿನ ಆಮೆಗಳನ್ನು ಮನೆಯಲ್ಲಿ ಸಾಕೋಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡಲ್ಲ, ನನಗೂ ಮನಸ್ಸಿಲ್ಲ.

ಉಳಿದಿರೋದು ಚರ್ಮದ ಪ್ರಶ್ನೆ. ಒದ್ದೆ ಮಣ್ಣಿನ ಮಂಜಿನ ಹರಳು ಚರ್ಮ ದಾಟಿ ಒಳಗೆ ಹೆಪ್ಪು ಹಾಕಬಹುದು. ಮರಿಗಳ ಚರ್ಮದ ಕೊಬ್ಬಿನಂಶ ಅದನ್ನು ತಡೆಯುತ್ತೆ. ಮುಂದಿನ ವಾರ ಬಾಟಲಿ ಬಾಯಿಗೆ ಮೇಣ ಸವರಿದ ಬಟ್ಟೆ ಕಟ್ಟಿ, ಮೇಲೆ ಐಸ್ ಇಟ್ಟು ನೋಡ್ತೀನಿ. ಅರ್ಧ ಫ್ರೀಜರ್ ಬಟಾಣಿಗೆ ಬಿಟ್ಟುಕೊಟ್ಟಾಗಿದೆ.