ಮಧ್ಯಾಹ್ನ ಮೂರು ಗಂಟೆಯ ತಪ್ಪು

ಕಲಬುರಗಿಯಲ್ಲಿ ನಾನು ಫಿಸಿಯೋಥೆರಪಿಸ್ಟ್. ‘ಇನ್ನೊಂದು ಐದು ಸಲ ಮಾಡಿ’ ಅನ್ನೋದು ನನ್ನ ಬಾಯಲ್ಲಿ ಸದಾ ಇರುವ ಮಾತು. ಮೊಣಕಾಲು ಆಪರೇಷನ್ ಆದವರಿಗೆ ಅದು ನಡೆಯುತ್ತದೆ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರರೋಗ ಇರುವವರಿಗೂ ಅದನ್ನೇ ಹೇಳಿ ತಪ್ಪು ಮಾಡಿದೆ.

ಏಪ್ರಿಲ್ ಬಿಸಿಲು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಧ್ಯಾಹ್ನ ಮೂರಕ್ಕೆ ಆಟೋದಲ್ಲಿ ಬಂದರು. ಹತ್ತು ಸಲ ಕಾಲೆತ್ತಿದ ಮೇಲೆ ‘ಸಾಕ್ರಿ ಮೇಡಂ’ ಅಂದರು. ನಾನು ಇನ್ನೈದು ಅಂದೆ. ಮುಗಿಯುವಷ್ಟರಲ್ಲಿ ಎಡಗಣ್ಣು ಮಂಜಾಯಿತು, ಬಲಗಾಲು ಮೇಲೇಳಲೇ ಇಲ್ಲ. ಗಾಬರಿಯಾಗಿ ಫ್ಯಾನ್ ಕೆಳಗೆ ಮಲಗಿಸಿ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಮೊದಲಿನಂತಾದರು.

ಅವರ ನರರೋಗ ವೈದ್ಯರು ಫೋನಿನಲ್ಲಿ ಬಿಡಿಸಿ ಹೇಳಿದರು. ಎಂಎಸ್‌ನಲ್ಲಿ ನರದ ಮೇಲಿನ ಮಯಲಿನ್ ಹೊದಿಕೆ ಹಾಳಾಗಿರುತ್ತದೆ. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಅಲ್ಲಿ ಸಂದೇಶ ಸರಿಯಾಗಿ ಹರಿಯುವುದಿಲ್ಲ. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಇದನ್ನು ಗುರುತಿಸಿದ್ದರಂತೆ. ತಣ್ಣಗಾದರೆ ಇಳಿಯುತ್ತದೆ. ಹೊಸ ತೊಂದರೆ 24 ಗಂಟೆ ದಾಟಿದರೆ ಮಾತ್ರ ಸುಮ್ನೆ ಕಾಯಬಾರದು, ವೈದ್ಯರಿಗೆ ಹೇಳಲೇಬೇಕು.

ಅಂದಿನಿಂದ ಎಂಎಸ್ ಇರುವವರನ್ನು ಬೆಳಿಗ್ಗೆ ಏಳಕ್ಕೆ ಕರೆಯುತ್ತೇನೆ. ಐದು ನಿಮಿಷ ವ್ಯಾಯಾಮ, ಆಮೇಲೆ ಕೂತು ತಣ್ಣೀರು. ‘ಸಾಕು’ ಅಂದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಮನೆಯಲ್ಲಿನ ಕಷ್ಟ ಇನ್ನೂ ಜಾಸ್ತಿ. ಆ ಹೆಣ್ಣುಮಗಳ ಅತ್ತೆ ನನ್ನೆದುರೇ, ‘ನೋಡ್ಲಾಕ ಛಲೋ ಅದಾಳ್ರಿ, ಕೆಲಸ ಅಂದ್ರ ಕಾಲ ಬರಂಗಿಲ್ಲ ಅಂತಾಳ’ ಅಂದರು. ಆ ಸುಸ್ತು ಹೊರಗೆ ಕಾಣುವುದಿಲ್ಲ, ಅಲ್ವಾ? ದಿನಾ ಒಲೆ ಮುಂದೆ ನಿಂತು ಹತ್ತಿಪ್ಪತ್ತು ಜೋಳದ ರೊಟ್ಟಿ ಬಡಿದು ಬೇಯಿಸುವ ಹೊತ್ತಿಗೇ ಕಾಲು ಸೋಲುತ್ತಿತ್ತು. ಬಿಸಿಯ ವಿಷಯ ಅತ್ತೆಗೂ ಬಿಡಿಸಿ ಹೇಳಿದೆ. ಈಗ ಸೊಸೆ ಒಲೆಯಿಂದ ದೂರ, ಕಿಟಕಿ ಹತ್ತಿರ ಕೂತು ರೊಟ್ಟಿ ಬಡಿಯುತ್ತಾರೆ, ಅತ್ತೆ ಬೇಯಿಸುತ್ತಾರೆ.

ಅವರಿಗೆ ಇದೇ ಕಾಯಿಲೆ ಇರುವ ಇನ್ನೊಬ್ಬರ ಜೊತೆ ಮಾತಾಡಬೇಕಿತ್ತು. 1985ರಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಲ್ಲೂ ಶಾಖೆ ಇದೆ, ಅಲ್ಲಿ ವಿಚಾರಿಸಲು ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಕೂಡ ಸೇರಿದೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿಸಿದೆ.

ಮೇ ತಿಂಗಳಲ್ಲಿ ಅತ್ತೆಯೇ ಫೋನ್ ಮಾಡಿದರು. ‘ಏಳಕ್ಕ ಬಿಸಿಲು ಬರ್ತದ್ರಿ ಮೇಡಂ. ಆರೂವರಿಗೆ ಕರ್ಕೊಂಡ ಬರ್ಲೇನು?’