ಹುಡುಗರಿಗೆ ವೇಟ್ ಇಳಿಸೋಕೆ ಹೇಳಬೇಡಿ

ನನಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ಮೈಸೂರಿನ ನಮ್ಮ ಬೀದಿಯ ಗರಡಿಗೆ ಕೈ ಹಿಡಿದು ಕರೆದುಕೊಂಡು ಹೋದರು. ಬಾಗಿಲು ಎಷ್ಟು ಗಿಡ್ಡ ಅಂದ್ರೆ ನಾನೂ ತಲೆ ಬಗ್ಗಿಸಬೇಕಿತ್ತು. ಒಳಗೆ ಅರೆಗತ್ತಲೆ, ಕುಸ್ತಿ ಆಡುವ ಕೆಮ್ಮಣ್ಣಿನ ಮಟ್ಟಿ, ಮಣ್ಣಿಗೆ ಬೆರೆಸಿದ ಎಣ್ಣೆ, ಅರಿಶಿನ, ನಿಂಬೆರಸದ ವಾಸನೆ. ಮೊದಲು ಪೈಲ್ವಾನ್ ಆದೆ, ಆಮೇಲೆ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ನಿವೃತ್ತಿ ಆದರೂ ಹುಡುಗರಿಗೆ ಪಟ್ಟು ಹೇಳಿಕೊಡೋದು ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ನನ್ನನ್ನು ಜಾಸ್ತಿ ಕಾಡಿದ ವಿಷಯ ವೇಟ್.

ಗರಡಿಯಲ್ಲಿ ತೂಕದ ಮಷಿನ್ ಇರಲಿಲ್ಲ. ನಾಡಕುಸ್ತಿಗೆ ಜೋಡಿ ಕಟ್ಟುವಾಗ ಉಸ್ತಾದರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, ಹೆಗಲು ಮುಟ್ಟಿ, ಹಿಂದೆ ಯಾರ್ಯಾರ ಜೊತೆ ಆಡಿದ್ದೀಯ ಅಂತ ಕೇಳಿ, ಕೈಗೆ ಕೈ ಕೊಡಿಸುತ್ತಿದ್ದರು. ಹಾಲು, ತುಪ್ಪ, ಬಾದಾಮಿ, ಮುದ್ದೆ, ಮನೆಯಲ್ಲಿ ಇದ್ದಷ್ಟು ತಿನ್ನು ಅನ್ನೋರು. ಊಟ ಬಿಡು ಅಂತ ನಮ್ಮ ಉಸ್ತಾದರು ಒಂದು ದಿನವೂ ಹೇಳಲಿಲ್ಲ.

ಮ್ಯಾಟ್ ಕುಸ್ತಿಗೆ ಬಂದ ಮೇಲೆ ಅದನ್ನು ಕೇಳಿದೆ. ಅಲ್ಲಿ ತೂಕದ ಪ್ರಕಾರ ವಿಭಾಗ ಇರುತ್ತೆ, 1982ರಲ್ಲಿ ನನ್ನನ್ನು 52 ಕೆಜಿ ವಿಭಾಗಕ್ಕೆ ಹಾಕಿದರು. ನಾನಿದ್ದದ್ದು 55. ಎರಡು ದಿನ ಊಟ ಇಲ್ಲ, ನೀರು ಬಾಯಿ ಮುಕ್ಕಳಿಸಿ ಉಗುಳುವುದಕ್ಕೆ ಮಾತ್ರ, ಮಧ್ಯಾಹ್ನದ ಬಿಸಿಲಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಓಟ. ತೂಕವೇನೋ ಸರಿಹೋಯಿತು. ಆದರೆ ಕುಸ್ತಿ ಶುರುವಾಗಿ ಒಂದು ನಿಮಿಷಕ್ಕೇ ತೊಡೆ ನಡುಗೋಕೆ ಶುರುವಾಯಿತು, ಹಿಂದೆ ಎರಡು ಸಲ ನನಗೆ ಸೋತಿದ್ದ ಹುಡುಗ ನನ್ನನ್ನು ಚಿತ್ ಮಾಡಿದ. ರೆಫರಿ ಅವನ ಕೈ ಎತ್ತುವಾಗ ನನಗೆ ಅವನ ಮುಖವೇ ಕಾಣಲಿಲ್ಲ. ಕಣ್ಣಿಗೆ ಕತ್ತಲೆ ಕಟ್ಟಿತ್ತು.

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್ ಸುದ್ದಿ ಬಂದಾಗ ನಾನು ಟಿವಿ ಮುಂದೆ ಸುಮ್ನೆ ಕೂತುಬಿಟ್ಟೆ. ನಮ್ಮ ದೇಶದ ಕುಸ್ತಿಪಟು ವಿನೇಶ್ ಫೋಗಟ್ ಹಿಂದಿನ ದಿನ ಮೂರು ಕುಸ್ತಿ ಗೆದ್ದಿದ್ದರು, ಅದರಲ್ಲಿ ಮೊದಲನೆಯದೇ ಟೋಕಿಯೋದಲ್ಲಿ ಚಿನ್ನ ಗೆದ್ದಿದ್ದ ಯುಯಿ ಸುಸಾಕಿ ಮೇಲೆ. ಮಾರನೇ ಬೆಳಿಗ್ಗೆ 50 ಕೆಜಿಗಿಂತ 100 ಗ್ರಾಂ ಜಾಸ್ತಿ. ಫೈನಲ್ಲೂ ಇಲ್ಲ, ಪದಕವೂ ಇಲ್ಲ. ಮೊದಲೆಲ್ಲ ಹಿಂದಿನ ಸಂಜೆಯೇ ತೂಕ ನೋಡುತ್ತಿದ್ದರು, ರಾತ್ರಿ ತಿಂದು ಚೇತರಿಸಿಕೊಳ್ಳಬಹುದಿತ್ತು. 2018ರಿಂದ ಆಡುವ ದಿನ ಬೆಳಿಗ್ಗೆಯೇ ನೋಡುತ್ತಾರೆ, ಎರಡು ದಿನ ಆಡಿದರೆ ಎರಡು ದಿನವೂ. ಡಾಕ್ಟರು, ಕೋಚು ಎಲ್ಲ ಜೊತೆಗಿದ್ದವರಿಗೇ ಹೀಗಾಗುತ್ತೆ ಅಂದ್ರೆ, ಬೆಳೆಯುವ ವಯಸ್ಸಿನ ಮಕ್ಕಳ ಕಥೆ ಏನು ಹೇಳಿ?

ಒಂದು ಸಲ ಶಾಲಾ ಕ್ರೀಡಾಕೂಟಕ್ಕೆ ಹೋಗಿದ್ದಾಗ ರಾತ್ರಿ ಹತ್ತು ಗಂಟೆಗೆ ನನ್ನ ಒಂಬತ್ತನೇ ಕ್ಲಾಸಿನ ಹುಡುಗ ನಲ್ಲಿ ಹತ್ತಿರ ಕುಕ್ಕರಗಾಲಲ್ಲಿ ಕೂತು ಪ್ಲಾಸ್ಟಿಕ್ ಲೋಟಕ್ಕೆ ಉಗುಳುತ್ತಾ ಇದ್ದ. ತುಟಿ ಒಣಗಿ ಬಿರಿದಿತ್ತು. ಎಂಜಲಲ್ಲೂ ತೂಕ ಇಳಿಯುತ್ತೆ ಅಂತ ಯಾರೋ ಹೇಳಿದ್ದರಂತೆ. ಲೋಟ ಕಿತ್ತುಕೊಂಡು ಎಸೆದೆ. ಮೊದಲು ನೀರು ಕುಡಿಸಿದೆ, ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಆರು ಇಡ್ಲಿ ತಿನ್ನಿಸಿದೆ. ಬೆಳಿಗ್ಗೆ 48ರ ಬದಲು 51ರಲ್ಲಿ ಹೆಸರು ಕೊಟ್ಟೆ.

ಎರಡನೇ ಕುಸ್ತಿಯಲ್ಲಿ ಸೋತ. ಅವರಪ್ಪ ಫೋನ್ ಮಾಡಿ, 'ಬರೋ ಪದಕ ಹೋಯ್ತಲ್ಲ ಮೇಷ್ಟ್ರೇ' ಅಂತ ನೊಂದುಕೊಂಡರು. ಹೋಯಿತು, ನಿಜ. ಅವರಿಗೆ ಸಮಾಧಾನ ಹೇಳೋಕೆ ನನ್ನ ಹತ್ತಿರ ಮಾತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗ ಬಾಳೆಹಣ್ಣು ಸುಲಿಯುತ್ತಾ, 'ಸಾರ್, ಅವನು ಭುಜದ ಮೇಲಿಂದ ನನ್ನ ಎತ್ತಿ ಹಾಕಿದ್ನಲ್ಲ, ಅದು ಯಾವ ಪಟ್ಟು?' ಅಂತ ಕೇಳಿದ.

ಧೋಬಿ ಅಂದೆ.

ಮಾರನೇ ದಿನ ಬೆಳಿಗ್ಗೆ ಐದೂವರೆಗೆ ನಾನು ಗರಡಿಗೆ ಹೋಗುವಷ್ಟರಲ್ಲಿ ಅವನು ಆಗಲೇ ಬಂದು, ಮಟ್ಟಿ ಅಗೆದು ಮಣ್ಣು ಸಡಿಲ ಮಾಡಿ, ಗುದ್ದಲಿ ಮೂಲೆಗಿಟ್ಟು ಕಾಯುತ್ತಿದ್ದ.