ಟೆಸ್ಟ್ ಆಪ್ಷನಲ್ ಕಾಲೇಜಿಗೆ ಸ್ಯಾಟ್ ಅಂಕ ಕಳುಹಿಸಬೇಕೇ?

ಮಗಳು ಈ ವರ್ಷ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಅವಳಿಗೆ ಅಲ್ಲಿನ ಕಾಲೇಜು ಪ್ರವೇಶಕ್ಕೆ ಬಳಸುವ ಸ್ಯಾಟ್ ಪರೀಕ್ಷೆಯಲ್ಲಿ 1600ಕ್ಕೆ 1430 ಬಂದಿದೆ: ಗಣಿತದಲ್ಲಿ 760, ಓದು ಮತ್ತು ಬರವಣಿಗೆಯಲ್ಲಿ 670. ಈ ಅಂಕವನ್ನು ಯಾವ ಕಾಲೇಜಿಗೆ ತಿಳಿಸಬೇಕು, ಯಾವುದಕ್ಕೆ ಬೇಡ ಎಂಬ ಚರ್ಚೆ ನಮ್ಮ ಮನೆಯಲ್ಲಿ ಹಲವು ವಾರ ನಡೆಯಿತು. ಕಾಲೇಜು ಪ್ರಕಟಿಸುವ ಅಂಕಗಳ ಸರಾಸರಿಯೊಂದನ್ನೇ ನೋಡಿ ಇದನ್ನು ತೀರ್ಮಾನಿಸುವುದು ಸರಿಯಲ್ಲ, ಮಗು ಓದಿದ ಶಾಲೆಯನ್ನೂ ಅರ್ಜಿಯ ಉಳಿದ ಭಾಗವನ್ನೂ ಪಕ್ಕದಲ್ಲಿಟ್ಟುಕೊಂಡೇ ಅಂಕವನ್ನು ತೂಗಬೇಕು ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಪ್ರತಿಯೊಂದು ಕಾಲೇಜಿನ ಈ ವರ್ಷದ ನಿಯಮವನ್ನು ಅದರ ಸ್ವಂತ ಜಾಲತಾಣದಲ್ಲೇ ಓದುವುದು. ಅಂಕ ಸಲ್ಲಿಸುವುದನ್ನು ಅಭ್ಯರ್ಥಿಯ ಇಚ್ಛೆಗೆ ಬಿಡುವ ‘ಟೆಸ್ಟ್ ಆಪ್ಷನಲ್’ ಪದ್ಧತಿ ಹೊಸದೇನಲ್ಲ. ಮೇಯ್ನ್ ರಾಜ್ಯದ ಬೋಡನ್ ಕಾಲೇಜು 1969ರಲ್ಲಿಯೇ ಅದನ್ನು ಆರಂಭಿಸಿತ್ತು. ಆದರೆ 2020ರಲ್ಲಿ ಕೋವಿಡ್‌ನಿಂದಾಗಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುಪಾಲು ಕಾಲೇಜುಗಳು ಒಮ್ಮೆಲೇ ಈ ದಾರಿ ಹಿಡಿದವು, ಆಮೇಲೆ ಒಂದೊಂದೂ ಒಂದೊಂದು ದಿಕ್ಕಿಗೆ ಹೊರಳಿದವು. ಎಂಐಟಿ 2022ರಲ್ಲಿ ಅಂಕವನ್ನು ಮತ್ತೆ ಕಡ್ಡಾಯಗೊಳಿಸಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಮತ್ತು ಕ್ಯಾಲ್‌ಟೆಕ್ ಅದೇ ನಿರ್ಧಾರ ಪ್ರಕಟಿಸಿದವು. ಯೇಲ್ ಮಾತ್ರ ಸ್ಯಾಟ್ ಅಥವಾ ಅಂತಹದೇ ಇನ್ನೊಂದು ಪ್ರವೇಶ ಪರೀಕ್ಷೆಯಾದ ಎಸಿಟಿಯ ಬದಲಿಗೆ, ಶಾಲೆಯಲ್ಲಿಯೇ ಓದುವ ಕಾಲೇಜು ಮಟ್ಟದ ಎಪಿ ಇಲ್ಲವೇ ಅಂತರರಾಷ್ಟ್ರೀಯ ಪಠ್ಯಕ್ರಮವಾದ ಐಬಿಯ ಪರೀಕ್ಷೆಗಳ ಅಂಕ ಕೊಟ್ಟರೂ ಆಗುತ್ತದೆ ಎಂದಿತು. ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಿದೆ. ಅದು ಪ್ರವೇಶ ನೀಡುವಾಗ ಈ ಅಂಕವನ್ನು ಪರಿಗಣಿಸುವುದೇ ಇಲ್ಲವಾದ್ದರಿಂದ ಅದರ ಕ್ಯಾಂಪಸ್‌ಗಳಿಗೆ ಅರ್ಜಿ ಹಾಕುವವರು ಈ ಪ್ರಶ್ನೆಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕಳೆದ ವರ್ಷ ಸೇರಿದ ಸ್ನೇಹಿತರ ಮಕ್ಕಳ ಮಾತನ್ನು ನಂಬಿ ಕೂರುವಂತಹ ವಿಷಯ ಇದಲ್ಲ.

ಅಂಕ ಐಚ್ಛಿಕವಾಗಿರುವ ಕಾಲೇಜುಗಳ ಬಗ್ಗೆ ಎಲ್ಲರೂ ಹೇಳುವ ಸೂತ್ರವೊಂದಿದೆ: ನಿಮ್ಮ ಅಂಕ ಆ ಕಾಲೇಜಿನ ನಡುವಿನ ಅಂಕಕ್ಕೆ ಸಮನಾಗಿದ್ದರೆ ಅಥವಾ ಮೇಲಿದ್ದರೆ ಕಳುಹಿಸಿ, ಕೆಳಗಿದ್ದರೆ ಬೇಡ. ಈ ಲೆಕ್ಕಕ್ಕೆ ಬೇಕಾದ ಮಾಹಿತಿ ಬಹಳಷ್ಟು ಕಾಲೇಜುಗಳು ಪ್ರತಿವರ್ಷ ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯ ಸಿ9 ಭಾಗದಲ್ಲಿ ದೊರೆಯುತ್ತದೆ. ಅಲ್ಲಿ 25, 50 ಮತ್ತು 75ನೆಯ ಪರ್ಸೆಂಟೈಲ್‌ನ ಅಂಕಗಳಿರುತ್ತವೆ (25ನೆಯದೆಂದರೆ ಕಾಲು ಭಾಗ ಮಕ್ಕಳು ಅದಕ್ಕಿಂತ ಕೆಳಗಿರುವ ಅಂಕ, 50ನೆಯದೇ ನಡುವಿನ ಅಂಕ), ಜೊತೆಗೆ ಸೇರಿದವರಲ್ಲಿ ಶೇಕಡಾ ಎಷ್ಟು ಮಂದಿ ಅಂಕ ಸಲ್ಲಿಸಿದ್ದರು ಎಂಬುದೂ ಇರುತ್ತದೆ. ಹೆಚ್ಚಿನವರು ಮೊದಲಿನ ಮೂರು ಸಂಖ್ಯೆಗಳನ್ನು ನೋಡಿ ಪುಟ ಮುಚ್ಚುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಕೊನೆಯ ಸಂಖ್ಯೆಯೇ ಮುಖ್ಯವಾದದ್ದು. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಕಾಲೇಜಿಗೆ ಸೇರಿದವರು 1000 ಮಂದಿ, ಅಂಕ ಸಲ್ಲಿಸಿದವರು 500 ಮಂದಿ, 25ನೆಯ ಪರ್ಸೆಂಟೈಲ್ 1480. ಇದನ್ನು ಓದಿದವರು ಸೇರಿದವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ 1480ಕ್ಕಿಂತ ಹೆಚ್ಚು ಬಂದಿದೆ ಎಂದು ತಿಳಿಯುವುದು ಸಹಜ. ಆದರೆ ಆ ಮುಕ್ಕಾಲು ಪಾಲು ಅಂಕ ಸಲ್ಲಿಸಿದ 500 ಮಂದಿಯದ್ದು ಮಾತ್ರ, ಅಂದರೆ ಸುಮಾರು 375 ಮಂದಿ. ಉಳಿದ 500 ಮಕ್ಕಳ ಅಂಕ ಆ ದಾಖಲೆಯಲ್ಲಿ ಇಲ್ಲವೇ ಇಲ್ಲ. ಕಡಿಮೆ ಬಂದವರು ಕಳುಹಿಸದೆ ಉಳಿದಷ್ಟೂ ಪ್ರಕಟವಾಗುವ ಅಂಕ ಏರುತ್ತದೆ, ಏರಿದ ಅಂಕವನ್ನು ನೋಡಿ ಮರುವರ್ಷದ ಇನ್ನಷ್ಟು ಮಕ್ಕಳು ಹಿಂಜರಿಯುತ್ತಾರೆ. ಆದ್ದರಿಂದ ಸಲ್ಲಿಸಿದವರ ಪ್ರಮಾಣ ಕಡಿಮೆಯಿರುವ ಕಾಲೇಜಿನಲ್ಲಿ 25ನೆಯ ಪರ್ಸೆಂಟೈಲ್‌ಗಿಂತ ತುಸು ಕೆಳಗಿರುವ ಅಂಕವನ್ನೂ ಕೂಡಲೇ ತಳ್ಳಿಹಾಕಬಾರದೆಂದು ನಾನು ಬಲವಾಗಿ ನಂಬುತ್ತೇನೆ.

ಶಾಲೆಯ ವಿಚಾರ ಇದಕ್ಕಿಂತಲೂ ದೊಡ್ಡದು. ಪ್ರವೇಶಾಧಿಕಾರಿಗಳ ಕೈಗೆ ಅರ್ಜಿಯ ಜೊತೆಗೆ ಶಾಲೆಯ ಪರಿಚಯ ಪತ್ರವೂ ಹೋಗುತ್ತದೆ. ಅಲ್ಲಿ ಯಾವ ಯಾವ ಎಪಿ ತರಗತಿಗಳಿವೆ, ಎಷ್ಟು ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಹಲವು ಕಡೆ ಶಾಲೆಯ ಸರಾಸರಿ ಸ್ಯಾಟ್ ಅಂಕ ಎಷ್ಟು ಎಂಬ ವಿವರಗಳೂ ಇರುತ್ತವೆ. 1500 ಸಾಮಾನ್ಯವಾಗಿರುವ ಶಾಲೆಯಿಂದ ಬಂದ 1430ಕ್ಕೂ, ಹೆಚ್ಚಿನವರು 1100 ದಾಟದ ಶಾಲೆಯಿಂದ ಬಂದ 1430ಕ್ಕೂ ಒಂದೇ ಅರ್ಥವಿಲ್ಲ. ಡಾರ್ಟ್‌ಮತ್ ಅಂಕವನ್ನು ಮರಳಿ ಕಡ್ಡಾಯ ಮಾಡಿದ್ದು ಅಲ್ಲಿನ ಪ್ರಾಧ್ಯಾಪಕರ ಅಧ್ಯಯನವೊಂದರ ನಂತರ. ಅನುಕೂಲಗಳು ಕಡಿಮೆಯಿರುವ ಹಿನ್ನೆಲೆಯ ನೂರಾರು ಅಭ್ಯರ್ಥಿಗಳು 1400ರ ಆಸುಪಾಸಿನ ಅಂಕವನ್ನು ಕಳುಹಿಸದೆ ಮುಚ್ಚಿಟ್ಟುಕೊಂಡಿದ್ದರು, ಕಳುಹಿಸಿದ್ದರೆ ಅದು ಅವರಿಗೆ ನೆರವಾಗುತ್ತಿತ್ತು ಎಂದು ಆ ಅಧ್ಯಯನ ತೋರಿಸಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲದ, ಸಲಹೆ ಕೊಡಲು ದುಬಾರಿ ಕೌನ್ಸೆಲರ್ ಇಲ್ಲದ ಮಗುವೇ ತನ್ನ ಅಂಕ ಸಾಲದೆಂದು ಮೊದಲು ಭಾವಿಸುತ್ತದೆ, ಯಾರ ಪರವಾಗಿ ಆ ಅಂಕ ಎಲ್ಲಕ್ಕಿಂತ ಗಟ್ಟಿಯಾಗಿ ಸಾಕ್ಷಿ ಹೇಳಬಹುದಿತ್ತೋ ಆ ಮಗುವೇ ಅದನ್ನು ಕೈಬಿಡುತ್ತದೆ.

ಅಂಕ ಕಳುಹಿಸದವರಿಗೆ ಅನ್ಯಾಯವಾಗುವುದಿಲ್ಲವೆಂದು ಕಾಲೇಜುಗಳು ಹೇಳುವುದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅಂಕ ಇಲ್ಲದಾಗ ತೂಕವೆಲ್ಲ ಉಳಿದವುಗಳ ಮೇಲೆ, ಅಂದರೆ ಜಿಪಿಎ (ಶಾಲೆಯ ಗ್ರೇಡ್‌ಗಳ ಸರಾಸರಿ), ಆರಿಸಿಕೊಂಡ ವಿಷಯಗಳ ಕಠಿಣತೆ, ಪ್ರಬಂಧ ಮತ್ತು ಶಿಕ್ಷಕರ ಶಿಫಾರಸು ಪತ್ರಗಳ ಮೇಲೆ ಬೀಳುತ್ತದೆ. ಅವು ಸ್ಪಷ್ಟವಾಗಿ ಗಟ್ಟಿಯಾಗಿದ್ದು, ಅಂಕ ಮಾತ್ರ ಅವುಗಳಿಗೆ ಹೊಂದದಷ್ಟು ಕಡಿಮೆಯಿದ್ದರೆ ಕಳುಹಿಸದಿರುವುದೇ ಸರಿ. ಶಾಲೆಯಲ್ಲಿ ಎಲ್ಲರಿಗೂ ಎ ಗ್ರೇಡ್ ಸಿಗುತ್ತಿದ್ದರೆ ಅಥವಾ ಎಪಿ ತರಗತಿಗಳು ಬೆರಳೆಣಿಕೆಯಷ್ಟಿದ್ದರೆ ಹೊರಗಿನ ಪರೀಕ್ಷೆಯ ಒಂದು ಒಳ್ಳೆಯ ಅಂಕ ಬೇರೆ ಯಾವುದೂ ಹೇಳಲಾಗದ್ದನ್ನು ಹೇಳುತ್ತದೆ. ಒಟ್ಟು ಮೊತ್ತವನ್ನಲ್ಲದೆ ವಿಭಾಗಗಳನ್ನು ಬೇರೆ ಬೇರೆಯಾಗಿಯೂ ನೋಡಬೇಕು. ಸಂಖ್ಯಾಶಾಸ್ತ್ರ ಓದಬೇಕೆಂದಿರುವ ನಮ್ಮ ಮಗಳಿಗೆ 1430ಕ್ಕಿಂತ ಅದರೊಳಗಿನ 760 ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರವೇಶಕ್ಕೆ ಅಂಕ ಬೇಡವೆನ್ನುವ ಕೆಲವು ಕಾಲೇಜುಗಳು ಪ್ರತಿಭಾ ವಿದ್ಯಾರ್ಥಿವೇತನಕ್ಕೋ ನಿರ್ದಿಷ್ಟ ಕೋರ್ಸಿಗೋ ಅದನ್ನು ಕೇಳುತ್ತವೆ, ಹಾಗಾಗಿ ಆ ಪುಟಗಳನ್ನೂ ತೆರೆದು ನೋಡಬೇಕು. ಬೇರೆ ಬೇರೆ ದಿನಗಳ ಪರೀಕ್ಷೆಗಳಿಂದ ಪ್ರತಿ ವಿಭಾಗದ ಅತ್ಯುತ್ತಮ ಅಂಕವನ್ನು ಸೇರಿಸಿ ಲೆಕ್ಕ ಹಾಕುವ ಸೂಪರ್‌ಸ್ಕೋರ್ ಪದ್ಧತಿ ಆ ಕಾಲೇಜಿನಲ್ಲಿ ಇದೆಯೇ ಎಂದು ತಿಳಿದುಕೊಂಡರೆ ಇನ್ನೊಮ್ಮೆ ಪರೀಕ್ಷೆ ಬರೆಯಬೇಕೇ ಎಂಬುದೂ ತಾನಾಗಿ ಇತ್ಯರ್ಥವಾಗುತ್ತದೆ.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಐಚ್ಛಿಕ ಕಾಲೇಜುಗಳಿಗೆ ಅಂಕ ಪರಿಗಣಿಸಬೇಕೇ ಬೇಡವೇ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಬಹುದು, ಆದ್ದರಿಂದ ಎಲ್ಲಕ್ಕೂ ಒಂದೇ ಉತ್ತರ ಕೊಡುವ ಅಗತ್ಯ ನಮಗೆ ಬೀಳಲಿಲ್ಲ. ನಡುವಿನ ಅಂಕ 1400ರ ಸುತ್ತ ಇರುವ ರಾಜ್ಯ ವಿಶ್ವವಿದ್ಯಾಲಯಗಳಿಗೆಲ್ಲ ಕಳುಹಿಸುತ್ತಿದ್ದೇವೆ. ಪ್ರಕಟಿತ ಅಂಕ ನಮಗಿಂತ ಮೇಲಿದ್ದರೂ ಸಲ್ಲಿಸಿದವರು ಅರ್ಧಕ್ಕಿಂತ ಕಡಿಮೆಯಿರುವ ಒಂದು ಕಾಲೇಜಿಗೆ, ಅವಳ ಶಾಲೆಯ ಸರಾಸರಿಯನ್ನು ಗಮನದಲ್ಲಿಟ್ಟುಕೊಂಡು, ಕಳುಹಿಸೋಣವೆಂದು ಅವಳೇ ನಿರ್ಧರಿಸಿದಳು. ಬಹುತೇಕ ಎಲ್ಲರೂ ಅಂಕ ಕೊಡುವ, 25ನೆಯ ಪರ್ಸೆಂಟೈಲ್ 1500 ದಾಟಿರುವ ಇನ್ನೊಂದಕ್ಕೆ ಕಳುಹಿಸುತ್ತಿಲ್ಲ. ಉಳಿದ ಎರಡರ ಗಡುವು ಜನವರಿಯಲ್ಲಿದೆ, ಡಿಸೆಂಬರ್ ಪರೀಕ್ಷೆಯಲ್ಲಿ ಓದು ಮತ್ತು ಬರವಣಿಗೆಯ ಅಂಕ ಎಷ್ಟು ಏರುತ್ತದೆ ಎಂಬುದನ್ನು ನೋಡಿಕೊಂಡು ಅವೆರಡನ್ನೂ ತೀರ್ಮಾನಿಸುತ್ತೇವೆ.